ಅರವತ್ತಾದ ಮೇಲೆ ತೋಟದ ಯಜಮಾನಿಕೆ ಮಕ್ಕಳಿಗೆ ಬಿಡಬೇಕೇ?

ಪರ

ಬಿಡಬೇಕು. ಅರವತ್ತರ ತನಕ ಕಾಯಲೂಬಾರದು. ಕೊಡಗಿನ ಹುಡುಗ 18ಕ್ಕೆ ಓದಲೆಂದು ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಅಲ್ಲಿ ಬಟ್ಟೆ, ಬೈಕು, ಕೆಲಸ ಎಲ್ಲವೂ ಗೆಳೆಯರನ್ನು ನೋಡಿ. ಮೂವತ್ತು ದಾಟುವಾಗ ಆ ಸೆಳೆತ ಇಳಿದು ತನ್ನ ಲೆಕ್ಕ ತಾನೇ ಹಾಕಲು ಕಲಿತಿರುತ್ತಾನೆ. ಆಗ ಕಾಫಿ ತೋಟಕ್ಕೆ ಮರಳಿದನೆಂದರೆ ಪಂಪಿಗೆ ಡೀಸೆಲ್ ತರಲೂ ಅಪ್ಪನ ಚೆಕ್ ಬೇಕು!

ಕಾಫಿ ಯಾರ ಒಪ್ಪಿಗೆಗೂ ಕಾಯುವುದಿಲ್ಲ. ರೊಬಸ್ಟಾ ಜಾತಿಯ ಕಾಫಿಗೆ ಫೆಬ್ರುವರಿ-ಮಾರ್ಚಿನಲ್ಲಿ ಒಂದರಿಂದ ಒಂದೂವರೆ ಇಂಚು ಹೂಮಳೆ ಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್. ನೀರು ಬಿದ್ದ ಎಂಟು-ಹತ್ತು ದಿನಕ್ಕೆ ಹೂವು. ಆಮೇಲೆ ಎರಡು-ಮೂರು ವಾರದಲ್ಲಿ ಬ್ಯಾಕಿಂಗ್, ಅಂದರೆ ಹೂವಿನ ಬೆನ್ನಿಗೆ ಬೇಕಾದ ಎರಡನೇ ನೀರು, ಸಿಗದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಅರ್ಧ ಇಂಚಷ್ಟೇ ಮಳೆ ಬಿತ್ತೆಂದರೆ ಕೂಡಲೇ ಪಂಪ್ ಹಾಕಿ ಉಳಿದದ್ದನ್ನು ತುಂಬಬೇಕು, ಇಲ್ಲವಾದರೆ ಮೊಗ್ಗು ಅರೆಬರೆ ಅರಳಿ ಹಾಳು. 'ಇನ್ನೊಂದು ಮಳೆ ಬರುತ್ತೆ, ತಡಿ. ಪಕ್ಕದ ತೋಟದವರೂ ಹಾಕಿಲ್ಲ' ಎಂದು ಹಿರಿಯರು ಹೇಳುವಷ್ಟರಲ್ಲಿ ವಾರ ಕಳೆದಿರುತ್ತದೆ. ಅಕ್ಕಪಕ್ಕದವರನ್ನು ನೋಡಿ ನಡೆಯುವುದು ಹದಿಹರೆಯದವರ ಗುಣ ಮಾತ್ರವಲ್ಲ.

ಎಲ್ಲ ಒಂದೇ ದಿನ ಕೊಡಿ ಎನ್ನುತ್ತಿಲ್ಲ. ಮೊದಲ ವರ್ಷ ಕರಿಮೆಣಸು ಪೂರ್ತಿ ಅವರಿಗಿರಲಿ: ಮುಂಗಾರಿಗೆ ಮೊದಲು ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದರಿಂದ ಹಿಡಿದು ಕೊಯ್ಲು, ಮಾರಾಟದವರೆಗೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸತ್ವ ಕಳೆದುಕೊಂಡಿದ್ದರೆ ಔಷಧಿ ಎಲೆಯನ್ನೇ ಸುಡುತ್ತದೆ. ಅದ್ದಿದ ಚಾಕುವಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕು. ಇದರಲ್ಲಿ ಒಮ್ಮೆ ಎಡವಿದವರು ಮತ್ತೆ ಎಡವುವುದಿಲ್ಲ, ಆ ಎಡವುವ ಹಕ್ಕೂ ಅವರಿಗೆ ಬೇಕು. ಎರಡನೇ ವರ್ಷ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಸುವುದು), ಲೈನ್‌ಮನೆಯಲ್ಲಿರುವ ಕೆಲಸಗಾರರ ಬಟವಾಡೆ. ಮೂರನೇ ವರ್ಷ ಬೆಳೆಸಾಲ, ಬ್ಯಾಂಕ್ ಖಾತೆ. ಮಗಳು ತೋಟ ನೋಡುವುದಾದರೂ ಇದೇ ಕ್ರಮ. ಮಕ್ಕಳು ಬರೆಸಿಕೊಂಡು ಹೊರಗೆ ಹಾಕುತ್ತಾರೆ ಎನ್ನುವವರಿಗೆ ಹೆತ್ತ ಮಕ್ಕಳೆಲ್ಲ ಕಳ್ಳರಾಗಿಯೇ ಕಾಣುತ್ತಾರೆ.

ವಿರೋಧ

ಮರಗಸಿ, ಬಟವಾಡೆ ಮಕ್ಕಳೇ ನೋಡಿಕೊಳ್ಳಲಿ, ಅದಕ್ಕೆ ತಕರಾರಿಲ್ಲ. ಸಹಿಯನ್ನು ಮಾತ್ರ ಬಿಡಬಾರದು.

ಎಪ್ಪತ್ತರಲ್ಲಿ ಕಣ್ಣು ಮಂಜಾಗಿ ಜೀಪು ಓಡಿಸುವುದು ನಿಲ್ಲುತ್ತದೆ. ಔಷಧಿಗೆ, ಬ್ಯಾಂಕಿಗೆ ಕರೆದೊಯ್ಯುವವರು ಮಕ್ಕಳೇ. ಕರೆದೊಯ್ಯುವವರಿಗೆ 'ಬೇಡ' ಎನ್ನುವುದು ಕಷ್ಟ. ಆ ವಯಸ್ಸಿನಲ್ಲಿ ಮಾತಿಗೆ ತೂಕ ಉಳಿಯುವುದು ಪಹಣಿಯಲ್ಲಿ ಹೆಸರಿದ್ದರೆ.

ಉಯಿಲನ್ನು ಸಾಯುವ ತನಕ ಎಷ್ಟು ಸಲವಾದರೂ ಬದಲಿಸಬಹುದು. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಒಬ್ಬರೇ ಹೋಗಿ ರದ್ದು ಮಾಡಲಾಗದು. ಮಕ್ಕಳು ನೋಡಿಕೊಳ್ಳದಿದ್ದರೆ ಕೊಟ್ಟದ್ದನ್ನು ರದ್ದು ಮಾಡಿಸಲು ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಇದೆಯಲ್ಲ ಎನ್ನಬಹುದು. ಆದರೆ ಆರೈಕೆಯ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದರಷ್ಟೇ ಆ ಕಲಂ ಅನ್ವಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಪ್ರೀತಿಯಿಂದ ಕೊಟ್ಟೆ ಎಂದಷ್ಟೇ ಬರೆಸಿದವರು ಈ ದೂರು ಕೇಳುವ ಉಪವಿಭಾಗಾಧಿಕಾರಿಯ ಮುಂದೆ ಪರದಾಡುತ್ತಾರೆ. ಅದೇ ಕಾಯ್ದೆಯಲ್ಲಿ ಜೀವನಾಂಶದ ಮಿತಿಯೂ ತಿಂಗಳಿಗೆ 10,000 ರೂಪಾಯಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಾದರೆ ಒಕ್ಕದ, ಅಂದರೆ ಕುಲದ, ಹಲವರ ಹೆಸರು ಸೇರಿರುವುದರಿಂದ ತೊಡಕು ಇನ್ನೂ ಹೆಚ್ಚು.

ಬರೆಯಲೇಬೇಕೆಂದರೆ ಬದುಕಿರುವ ತನಕ ಮನೆಯಲ್ಲಿ ವಾಸದ ಹಕ್ಕು, ಫಸಲಿನಲ್ಲಿ ಇಂತಿಷ್ಟು ಪಾಲು, ಔಷಧಿಯ ಖರ್ಚು ಎಂದು ಬಿಡಿಬಿಡಿಯಾಗಿ ಬರೆಸಬೇಕು. ಕರಡನ್ನು ವಕೀಲರು ಓದಿ ಹೇಳುವಾಗ ಮಕ್ಕಳು ಹೊರಗಿರಬೇಕು.