ಸರಾಯೆವೊದಲ್ಲಿ ಮಾನವ ಹಕ್ಕುಗಳ ಎಂಎ: ಬೇಕೇ, ಬೇಡವೇ?

ಬೋಸ್ನಿಯಾದ ಸಿಗರೇಟು ಪ್ಯಾಕಿನ ಮೇಲೆ ಎಚ್ಚರಿಕೆ ಮೂರು ಸಲ ಇರುತ್ತದೆ. 'ಪುಶೆನ್ಯೆ ಉಬಿಯಾ', ಧೂಮಪಾನ ಕೊಲ್ಲುತ್ತದೆ. ಬೋಸ್ನಿಯಾಕರಿಗೊಂದು (ಅಂದರೆ ಬೋಸ್ನಿಯನ್ ಮುಸ್ಲಿಮರಿಗೆ), ಕ್ರೊಯೇಟರಿಗೊಂದು. ಎರಡೂ ರೋಮನ್ ಲಿಪಿ, ಒಂದಕ್ಷರವೂ ವ್ಯತ್ಯಾಸವಿಲ್ಲ. ಮೂರನೆಯದು ಸರ್ಬರಿಗೆ, ಸಿರಿಲಿಕ್‌ನಲ್ಲಿ. ಬಾಯಿಬಿಟ್ಟು ಓದಿದರೆ ಅದೂ ಅದೇ. ಒಂದೇ ಮಾತನ್ನು ಕನ್ನಡ, ನಾಗರಿ, ರೋಮನ್ ಅಂತ ಬರೆಯುವ ಕೊಂಕಣಿಗರಿಗೆ ಇದು ಥಟ್ಟನೆ ಅರ್ಥವಾದೀತು. ಆದರೆ ಅಲ್ಲಿ ಲಿಪಿಯ ಹಿಂದೆ 1992ರಿಂದ 95ರವರೆಗಿನ ಯುದ್ಧವಿದೆ, ಸುಮಾರು ಒಂದು ಲಕ್ಷ ಹೆಣಗಳಿವೆ.

ಆ ಯುದ್ಧದಲ್ಲಿ 1,425 ದಿನ ಮುತ್ತಿಗೆಯಲ್ಲಿ ಸಿಕ್ಕಿದ್ದ ಊರು ಬೋಸ್ನಿಯಾದ ರಾಜಧಾನಿ ಸರಾಯೆವೊ. ಅಲ್ಲಿನ ವಿಶ್ವವಿದ್ಯಾಲಯ ಮತ್ತು ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ ಸೇರಿ 2000ದ ಹೊತ್ತಿಗೆ ಒಂದು ಎಂಎ ಶುರುಮಾಡಿದವು. ವಿಷಯ, ಆಗ್ನೇಯ ಯುರೋಪಿನ ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕುಗಳು. ಬಾಲ್ಕನ್ನಿನ ಎಲ್ಲ ಕಡೆಯ ಹುಡುಗ ಹುಡುಗಿಯರು ಬರುತ್ತಾರೆ. ಪಾಠ ಇಂಗ್ಲಿಷಿನಲ್ಲಿ. ಇದರಿಂದ ಏನಾದರೂ ಆಗುತ್ತದಾ?

ಪರ: ಒಂದೇ ಬೆಂಚಿನಲ್ಲಿ ಕೂರಲಿ

ಮೊದಲು ಕಾಫಿಯಿಂದಲೇ ಶುರುಮಾಡೋಣ. ಕ್ರೊಯೇಟರು 'ಕಾವಾ' ಅನ್ನುತ್ತಾರೆ, ಸರ್ಬರು 'ಕಾಫಾ', ಬೋಸ್ನಿಯನ್ ಮುಸ್ಲಿಮರು 'ಕಾಹ್ವಾ'. ಹೋಟೆಲಿನಲ್ಲಿ ಒಂದು ಕಾಫಿ ಕೇಳಿದರೆ ಸಾಕು, ನೀವು ಯಾರ ಪೈಕಿ ಅಂತ ಗೊತ್ತಾಗಿಬಿಡುತ್ತದೆ. ಜಾಗ್ರೆಬ್, ಬೆಲ್‌ಗ್ರೇಡ್, ಸರಾಯೆವೊದ ಮೂವರು ವಿದ್ಯಾರ್ಥಿಗಳು ಒಂದೇ ಟೇಬಲ್ಲಿಗೆ ಮೂರು ಹೆಸರಿನಲ್ಲಿ ಅದೇ ಕಾಫಿ ತರಿಸಿಕೊಳ್ಳುವುದು ನಮಗೆ ತಮಾಷೆ. ಅವರಿಗೆ ಅದು ಸಣ್ಣ ವಿಷಯವಲ್ಲ.

ಶಾಲೆಯಲ್ಲಿ ಅವರು ಕಲಿತ ಇತಿಹಾಸ ಬೇರೆ ಬೇರೆ. ಅದೇ ಯುದ್ಧ ಒಬ್ಬರ ಪುಸ್ತಕದಲ್ಲಿ ಆಕ್ರಮಣ, ಇನ್ನೊಬ್ಬರ ಪುಸ್ತಕದಲ್ಲಿ ಅಂತರ್ಯುದ್ಧ. ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರಿನಲ್ಲಿ 1995ರ ಜುಲೈನಲ್ಲಿ ಸರ್ಬ್ ಪಡೆಗಳು ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದವು. ಅದು ನರಮೇಧ ಅಂತ ಅಂತರರಾಷ್ಟ್ರೀಯ ಕೋರ್ಟುಗಳೇ ತೀರ್ಪು ಕೊಟ್ಟಿವೆ. ಅದನ್ನು ಒಪ್ಪದ ಮನೆಯಲ್ಲಿ ಬೆಳೆದ ಹುಡುಗ, ತೀರ್ಪನ್ನು ಮೊದಲ ಸಲ ಪುಟ ಪುಟವಾಗಿ ಓದುವುದು ಎಲ್ಲಿ? ಊರಿನ ಟೀವಿ ಓದಿಸುವುದಿಲ್ಲ. ಪಕ್ಕದಲ್ಲಿ ಆ ಊರಿನ ಕಡೆಯವಳೇ ಕೂತಿರುವ ತರಗತಿ ಓದಿಸುತ್ತದೆ.

ಇಂಗ್ಲಿಷಿನಲ್ಲಿ ಪಾಠ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಅದೇ ಜಾಣತನ ಅನ್ನಿಸುತ್ತದೆ. ಸರ್ಬಿಯನ್ ಅಂದರೆ ಆಲ್ಬೇನಿಯನ್ ಹುಡುಗಿಗೆ ತೊಂದರೆ, ಕ್ರೊಯೇಷಿಯನ್ ಅಂದರೆ ಮತ್ತೊಬ್ಬರಿಗೆ ಮುನಿಸು. ಎಲ್ಲರೂ ಸಮನಾಗಿ ತಡವರಿಸುವ ಭಾಷೆ ಇದ್ದರೆ ಒಳ್ಳೆಯದೇ, ಅಲ್ವಾ?

ಇನ್ನು ಕಾನೂನು. 1995ರ ಡೇಟನ್ ಒಪ್ಪಂದ ಯುದ್ಧ ನಿಲ್ಲಿಸಿತು, ಅದರ ಅನುಬಂಧದಲ್ಲೇ ದೇಶಕ್ಕೆ ಸಂವಿಧಾನವೂ ಬಂತು. ಅಧ್ಯಕ್ಷಮಂಡಳಿಗೆ ಮೂವರು: ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಯಾಕೊಬ್ ಫಿನ್ಸಿ ಯಹೂದಿ. ಸ್ವಿಟ್ಜರ್ಲೆಂಡಿನಲ್ಲಿ ತನ್ನ ದೇಶದ ರಾಯಭಾರಿಯಾದ ಮನುಷ್ಯ. ಆದರೆ ಅದೇ ದೇಶದ ಅಧ್ಯಕ್ಷಮಂಡಳಿಗೆ ನಿಲ್ಲುವಂತಿಲ್ಲ! ನೀವು ಅರ್ಹರಲ್ಲ ಅಂತ 2007ರಲ್ಲಿ ಚುನಾವಣಾ ಆಯೋಗ ಕಾಗದದಲ್ಲೇ ಬರೆದುಕೊಟ್ಟಿತು. ರೋಮಾ (ಜಿಪ್ಸಿ) ಸಮುದಾಯದ ದೆರ್ವೊ ಸೆಯ್ದಿಚ್‌ಗೂ ಅದೇ ಗತಿ. ಇಬ್ಬರ ಅರ್ಜಿಯೂ ಸ್ಟ್ರಾಸ್‌ಬುರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2009ರ ಡಿಸೆಂಬರ್ 22ರಂದು ಗೆದ್ದರು. ಅಂಥ ಅರ್ಜಿ ಬರೆಯಲು ಗೊತ್ತಿರುವವರು ಆಕಾಶದಿಂದ ಉದುರುವುದಿಲ್ಲ. ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿ 2017ರಲ್ಲಿ ಬಾಗಿಲು ಹಾಕಿತು. ಉಳಿದ ಕೇಸುಗಳು ಈಗ ಊರಿನ ಕೋರ್ಟುಗಳ ತಲೆಮೇಲೆ. ಆ ಕಡತ ಓದುವವರು, ಸಾಕ್ಷಿಗಳ ಜೊತೆ ನಿಲ್ಲುವವರು ಬೇಡವೇ?

ವಿರೋಧ: ಗಿಡವಾಗಿ ಬಗ್ಗದ್ದು

ಫಿನ್ಸಿಯ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದಿರಿ. ಗೆದ್ದ ಮೇಲೆ ಏನಾಯಿತು? ಹದಿನೈದು ವರ್ಷ ಕಳೆದರೂ ಸಂವಿಧಾನದ ಆ ಸಾಲು ಹಾಗೇ ಇತ್ತು. 2014ರಲ್ಲಿ ಆಜ್ರಾ ಜೋರ್ನಿಚ್ ಕೇಸಿನ ತೀರ್ಪು ಬಂತು. ನಾನು ಯಾವ ಜನಾಂಗದವಳೂ ಅಲ್ಲ, ಬರೀ ಈ ದೇಶದ ಪ್ರಜೆ ಅಂದವರು ಅವರು. ಅವರೂ ಗೆದ್ದರು. ಸಾಲು ಮಾತ್ರ ಅಲ್ಲಾಡಲಿಲ್ಲ. ಅಲ್ಲಿ ಕೊರತೆ ಇರುವುದು ಕಾನೂನು ಗೊತ್ತಿರುವವರದ್ದಲ್ಲ. ಹಂಚಿಕೊಂಡ ಕುರ್ಚಿ ಬಿಡಲು ಮೂರೂ ಕಡೆಯ ಪಕ್ಷಗಳಿಗೆ ಮನಸ್ಸಿಲ್ಲ, ಅಷ್ಟೇ. ಅದಕ್ಕೆ ಎಂಎ ಏನು ಮಾಡೀತು?

ಪ್ರಜಾಪ್ರಭುತ್ವದ ಪಾಠ ಅಂತೀರಿ. ತರಗತಿಯ ಆಚೆ ಬನ್ನಿ. ಇದೇ ಸರಾಯೆವೊದಲ್ಲಿ 'ಹೈ ರೆಪ್ರೆಸೆಂಟೇಟಿವ್' ಅನ್ನುವ, ಡೇಟನ್ ಒಪ್ಪಂದದ ಜಾರಿ ನೋಡಿಕೊಳ್ಳುವ ವಿದೇಶಿ ಅಧಿಕಾರಿ ಕೂತಿದ್ದಾರೆ. 1997ರಲ್ಲಿ ಅವರಿಗೆ ಸಿಕ್ಕ ಅಧಿಕಾರದಲ್ಲಿ ಕಾನೂನು ಹೇರಬಹುದು, ಗೆದ್ದು ಬಂದವರನ್ನು ಮನೆಗೂ ಕಳಿಸಬಹುದು. ಬೆಳಿಗ್ಗೆ ಜನಾಭಿಪ್ರಾಯದ ಮಹತ್ವ ಓದಿದ ವಿದ್ಯಾರ್ಥಿ ಸಂಜೆ ಪೇಪರಿನಲ್ಲಿ ಇದನ್ನು ಓದಿ ಏನು ಅಂದುಕೊಳ್ಳಬೇಕು?

ಹೋಗಲಿ, ಕಲಿತವರು ಎಲ್ಲಿಗೆ ಹೋಗುತ್ತಾರೆ? ಚೆಂದದ ಇಂಗ್ಲಿಷ್ ಬಂತು, ಯುರೋಪಿನ ಡಿಗ್ರಿ ಬಂತು. ಮುಂದಿನ ನಿಲ್ದಾಣ ಬ್ರಸೆಲ್ಸ್, ಇಲ್ಲವೇ ಯಾವುದೋ ಪ್ರಾಜೆಕ್ಟ್ ಆಫೀಸು. ಎಲ್ಲರೂ ಹಾಗೆ ಅಂತಲ್ಲ. ಆದರೆ 'ಕೆಪ್ಯಾಸಿಟಿ ಬಿಲ್ಡಿಂಗ್', 'ಸ್ಟೇಕ್‌ಹೋಲ್ಡರ್' ಭಾಷೆ ಒಮ್ಮೆ ನಾಲಿಗೆಗೆ ಅಂಟಿದರೆ ಹಳ್ಳಿಯ ಮುದುಕಿಯ ಹತ್ತಿರ ಕೂತು ಮಾತಾಡುವುದು ಕಷ್ಟ. ನಮ್ಮೂರ ಎನ್‌ಜಿಒ ಸೆಮಿನಾರುಗಳಲ್ಲಿ ಊಟದ ಹೊತ್ತಿನವರೆಗೆ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನನ್ನ ನಿಜವಾದ ತಕರಾರು ಬೇರೆ. ಇಪ್ಪತ್ತಮೂರು ವರ್ಷದವರನ್ನು ಒಂದೇ ಬೆಂಚಿನಲ್ಲಿ ಕೂರಿಸುತ್ತೀರಿ. ಆರು ವರ್ಷದವರನ್ನು? ಬೋಸ್ನಿಯಾದ ಒಂದು ಭಾಗದಲ್ಲಿ 'ಒಂದೇ ಸೂರು, ಎರಡು ಶಾಲೆ' ಅನ್ನುವ ಪದ್ಧತಿ ಇದೆ. ಐವತ್ತಕ್ಕೂ ಹೆಚ್ಚು ಶಾಲೆಗಳು ಹೀಗಿದ್ದವು. ಕಟ್ಟಡ ಒಂದು, ಬಾಗಿಲು ಎರಡು, ಪಠ್ಯ ಎರಡು, ಮೇಷ್ಟ್ರು ಬೇರೆ. ಕ್ರೊಯೇಟ್ ಮಕ್ಕಳು ಈ ಕಡೆ, ಬೋಸ್ನಿಯಾಕ್ ಮಕ್ಕಳು ಆ ಕಡೆ. ತ್ರಾವ್ನಿಕ್ ಪಟ್ಟಣದಲ್ಲಿ ಒಂದೇ ಹಳೆಯ ಕಟ್ಟಡದಲ್ಲಿ ಎರಡು ಶಾಲೆ, ಅಂಗಳದ ನಡುವೆ ತಂತಿಬೇಲಿ. ಹನ್ನೆರಡು ವರ್ಷ ಬೇಲಿಯ ಆಚೆ ಈಚೆ ಬೆಳೆದವರಲ್ಲಿ ಕೆಲವೇ ಕೆಲವರನ್ನು ಆರಿಸಿ, ಸ್ಕಾಲರ್‌ಶಿಪ್ ಕೊಟ್ಟು, ಸುಮ್ನೆ ಕಾಫಿ ಕುಡಿಸಿದರೆ ಬೇಲಿ ಹೋಗುತ್ತದಾ? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಯಾಯ್ಟ್ಸೆ ಅನ್ನುವ ಪುಟ್ಟ ಊರಿದೆ. ಈ ಜನರೆಲ್ಲ ಒಂದೇ ದೇಶವಾಗಿದ್ದ ಟಿಟೊನ ಯುಗೊಸ್ಲಾವಿಯಾಕ್ಕೆ 1943ರಲ್ಲಿ ಅಡಿಗಲ್ಲು ಬಿದ್ದದ್ದು ಅಲ್ಲೇ. ಒಟ್ಟಿಗೆ ಓದುತ್ತಿದ್ದ ಅಲ್ಲಿನ ಹೈಸ್ಕೂಲು ಮಕ್ಕಳನ್ನು ಜನಾಂಗದ ಪ್ರಕಾರ ಬೇರೆ ಮಾಡಲು 2016ರಲ್ಲಿ ಯೋಜನೆ ಬಂತು. ಮಕ್ಕಳೇ ಬೀದಿಗಿಳಿದರು. ಕ್ರೊಯೇಟರೂ ಬೋಸ್ನಿಯಾಕರೂ ಒಟ್ಟಿಗೆ, ನಮ್ಮನ್ನು ಬೇರೆ ಮಾಡಬೇಡಿ ಅಂದರು. ಮುಂದಿನ ವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಅವರಲ್ಲಿ ಯಾರ ಹತ್ತಿರವೂ ಎಂಎ ಇರಲಿಲ್ಲ. ಜಾಸ್ತಿ ಜನಕ್ಕೆ ಓಟು ಹಾಕುವ ವಯಸ್ಸೂ ಆಗಿರಲಿಲ್ಲ.