ಅವಳು ರಬ್ಬರ್ ತಗೊಂಡು ಮನೆ ಅಳಿಸಿಬಿಟ್ಟಳು

ಹೋದ ತಿಂಗಳು ಕೊಡಗಿನ ನಮ್ಮ ಸ್ಕೂಲಲ್ಲಿ ನಾಲ್ಕನೇ ಕ್ಲಾಸ್ ಮಕ್ಕಳಿಗೆ ಕಾಡಿನ ಚಿತ್ರ ಬರೀರಿ ಅಂದಿದ್ದೆ. ಹುಲಿ, ಆನೆ, ನವಿಲು, ಜಲಪಾತ, ಇಬ್ಬರು ಸಿಂಹನೂ ಬರೆದಿದ್ರು. ಹಾಡಿಯಿಂದ, ಅಂದ್ರೆ ಕಾಡಿನ ಆದಿವಾಸಿಗಳ ಊರಿಂದ ಬರೋ ಒಬ್ಬ ಹುಡುಗಿ ಮಾತ್ರ ಒಂದು ಗುಡಿಸಲು, ಅದರ ಮುಂದೆ ಒಲೆ, ನಾಯಿ, ದೊಡ್ಡ ಮರದ ತುದೀಲಿ ಅವಳ ತಾತ, ಹೀಗೆ ಬರೆದಿದ್ದಳು. ಪಕ್ಕದ ಹುಡುಗ ನೋಡಿ "ಮಿಸ್, ಇವಳು ಕಾಡು ಬರೆದೇ ಇಲ್ಲ, ಮನೆ ಬರೆದಿದ್ದಾಳೆ" ಅಂದ. ನಾನು ಏನಾದ್ರೂ ಹೇಳೋದ್ರೊಳಗೆ ಅವಳು ರಬ್ಬರ್ ತಗೊಂಡು ಮನೆ ಅಳಿಸಿಬಿಟ್ಟಳು. ಆಮೇಲೆ ತಾತನ್ನೂ. ಮರ ಒಂದೇ ಉಳೀತು.

ಆ ಹುಡುಗಂದೇನೂ ತಪ್ಪಿಲ್ಲ. ನಾವು ಅವನಿಗೆ ತೋರ್ಸಿರೋ ಕಾಡೇ ಹಾಗೆ. ಚಾರ್ಟಲ್ಲಿ, ವಿಡಿಯೋದಲ್ಲಿ, ಎರಡು ವರ್ಷದ ಹಿಂದೆ ಮಕ್ಕಳನ್ನ ಕರ್ಕೊಂಡು ಹೋಗಿದ್ದ ಒಂದು ಕ್ಯಾಂಪಲ್ಲೂ ಅಷ್ಟೆ, "ಕಾಡು ಪ್ರಾಣಿಗಳ ಮನೆ, ಮನುಷ್ಯರು ಅಲ್ಲಿಗೆ ಹೋಗಿ ಹಾಳು ಮಾಡ್ತಾರೆ" ಅಂತ ಹೇಳಿಕೊಟ್ರು. ನಮ್ಮ ಕ್ಲಾಸಲ್ಲಿ ಆದಿವಾಸಿಗಳಾದ ಜೇನುಕುರುಬರ ಮಕ್ಕಳಿದ್ದಾರೆ, ಯರವರ ಮಕ್ಕಳಿದ್ದಾರೆ. ಆ ಮಾತು ಅವರ ಕಿವಿಗೆ ಹೇಗೆ ಬಿದ್ದಿರುತ್ತೆ ಅಂತ ಆವತ್ತು ನಾನೂ ಯೋಚನೆ ಮಾಡಿರಲಿಲ್ಲ. ನಾಗರಹೊಳೆ ಕಾಡು 1955ರಲ್ಲಿ ಅಭಯಾರಣ್ಯ ಆಯ್ತು, ಆಮೇಲೆ ನ್ಯಾಷನಲ್ ಪಾರ್ಕ್, ಆಮೇಲೆ ಟೈಗರ್ ರಿಸರ್ವ್, ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಈ ಮಕ್ಕಳ ಹಿರಿಯರು ಅಲ್ಲೇ ಇದ್ದವರು, ಎಷ್ಟೋ ಜನ ಹೊರಗೆ ಬಂದಿದ್ದು ತಾವಾಗೇ ಅಲ್ಲ.

ಚಿತ್ರ ಅಳಿಸಿದ ಹುಡುಗಿ ಬಗ್ಗೆ ಇನ್ನೊಂದು ಹೇಳ್ತೀನಿ. ಮಳೆಗಾಲದಲ್ಲಿ ಸ್ಕೂಲ್ ಪಕ್ಕದ ತೋಟಕ್ಕೆ ರಾತ್ರಿ ಆನೆ ಬಂದಿತ್ತು, ಹಲಸಿನ ಹಣ್ಣಿನ ಟೈಮಲ್ಲಿ ಬರೋದು ಇದ್ದಿದ್ದೇ. ಬೆಳಿಗ್ಗೆ ಬೇಲಿ ಹತ್ರ ಕೆಸರಲ್ಲಿ ಹೆಜ್ಜೆ ಇತ್ತು, ಮಕ್ಕಳೆಲ್ಲ ಹೆದರ್ಕೊಂಡು ದೂರ ನಿಂತಿದ್ರು. ಇವಳು ಹತ್ರ ಹೋಗಿ ಕೂತು "ಮಿಸ್ ದಾರ ಕೊಡಿ" ಅಂದಳು. ಮುಂಗಾಲಿನ ಹೆಜ್ಜೆ ಸುತ್ತ ದಾರ ಇಟ್ಟು, ಆ ಅಳತೆನ ಎರಡರಷ್ಟು ಮಾಡಿದ್ರೆ ಆನೆ ಭುಜದವರೆಗಿನ ಎತ್ತರ ಹತ್ತಿರ ಹತ್ತಿರ ಅಷ್ಟೇ ಇರುತ್ತಂತೆ. ಅವಳ ಚಿಕ್ಕಪ್ಪ ಆನೆ ಕ್ಯಾಂಪಲ್ಲಿ ಕಾವಾಡಿ, ಅಂದ್ರೆ ಮಾವುತನ ಸಹಾಯಕ, ಅವರು ಹೇಳಿಕೊಟ್ಟಿದ್ದು. ಒಂದು ಸುತ್ತು ನಾಲ್ಕಡಿ ಮೂರಿಂಚು ಬಂತು, ಅಂದ್ರೆ ಎಂಟೂವರೆ ಅಡಿ ಆನೆ. ಗೋಡೆ ಮೇಲೆ ಎಂಟೂವರೆ ಅಡಿಗೆ ಚಾಕ್‌ಪೀಸಲ್ಲಿ ಗೆರೆ ಹಾಕಿದ್ವಿ, ಮಕ್ಕಳು ತಲೆ ಎತ್ತಿ ನೋಡ್ತಾನೇ ನಿಂತ್ರು. ಲದ್ದಿ ಕೆದಕಿ ಒಳಗಿದ್ದ ಹಲಸಿನ ಬೀಜನೂ ತೋರಿಸಿದಳು. ಇದೇ ಹುಡುಗಿಗೆ ಪರಿಸರ ಟೆಸ್ಟಲ್ಲಿ ಬರೋದು ಇಪ್ಪತ್ತೈದಕ್ಕೆ ಒಂಬತ್ತು. ನನಗೆ ಅದು ಈಗ್ಲೂ ಹೊಟ್ಟೆ ಉರಿಸುತ್ತೆ.

ಹೋದ ವಾರ ಸಂಭ್ರಮ ಶನಿವಾರ, ಬ್ಯಾಗ್ ಇಲ್ಲದ ದಿನ, ಅವಳ ತಾತನ್ನೇ ಸ್ಕೂಲಿಗೆ ಕರೆದೆ. ಜೇನು ಅಂದ್ರೆ ಒಂದೇ ಅಂದುಕೊಂಡಿದ್ದ ಮಕ್ಕಳಿಗೆ ಹೆಜ್ಜೇನು, ತುಡುವೆ, ಕೋಲುಜೇನು, ಕುಟುಕದೇ ಇರೋ ನಸರು ಜೇನು, ಎಲ್ಲಾ ಬೇರೆ ಬೇರೆ ಅಂತ ಹೇಳಿದ್ರು. ಹೆಜ್ಜೇನು ಎಲ್ಲೋ ಹೋಗಿ ಮತ್ತೆ ಹೂವಿನ ಕಾಲಕ್ಕೆ ಅದೇ ಮರಕ್ಕೆ ಬರೋದು, ತಾವು ಕತ್ತಲ ರಾತ್ರೀಲಿ ಹೊಗೆ ಹಾಕ್ಕೊಂಡು ಹತ್ತೋದು, ಹತ್ತೋವಾಗ ಹಾಡೋದು, ಎಲ್ಲಾ ಹೇಳಿದ್ರು. ಒಬ್ಬ ಹುಡುಗ "ತಾತ, ಎಲ್ಲಾ ಕಿತ್ಕೊಂಡು ಬರ್ತೀರಾ?" ಅಂದ. "ಮರಿ ಇರೋ ತಟ್ಟಿ ಬಿಡ್ಬೇಕು ಮಗಾ, ಕರಡಿಗೂ ಒಂದಿಷ್ಟು ಬಿಡ್ಬೇಕು, ಎಲ್ಲಾ ತೆಗೆದ್ರೆ ಬರೋ ವರ್ಷ ಅದು ಯಾಕೆ ಬರುತ್ತೆ?" ಅಂದ್ರು. ಆಹಾರ ಸರಪಳಿ ಅಂತ ನಾನು ಮೂರು ಪೀರಿಯಡ್ ಪಾಠ ಮಾಡಿದ್ದೆ, ಅದಕ್ಕಿಂತ ಇದು ಚೆನ್ನಾಗಿ ಹತ್ತಿತು.

ಹಾಡಿಯವರು ಮಾಡೋದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ, ಅವರನ್ನ ದೇವರು ಮಾಡೋದೂ ಬೇಡ, ಅದೂ ಒಂಥರಾ ದೂರ ಇಡೋದೇ. ಆದ್ರೆ ಅವರಿಗೆ ಗೊತ್ತಿರೋದು ಬರೀ ಕಥೆ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಬೇಸಿಗೆ ಶುರುವಲ್ಲಿ ತರಗೆಲೆಗೆ ಸಣ್ಣದಾಗಿ ಹಾಕ್ತಿದ್ದ ಬೆಂಕಿನ ತರಗು ಬೆಂಕಿ ಅಂತಾರೆ, ಅದು ನಿಂತ ಮೇಲೇ ಲಂಟಾನ ಅನ್ನೋ ಕಳೆ ಗಿಡ ಹೀಗೆ ಹಬ್ಬಿದ್ದು ಅಂತ ಅವರು ಹೇಳ್ತಾ ಬಂದಿದ್ದಾರೆ, ಸಂಶೋಧಕರೂ ಅದನ್ನ ಕೂತು ಬರ್ಕೊಂಡಿದ್ದಾರೆ. (ಮಕ್ಕಳು ಬೆಂಕಿ ಹಾಕೋಕೆ ಹೋಗಬಾರದು, ಅದನ್ನೂ ಕ್ಲಾಸಲ್ಲಿ ಹೇಳಿದೀನಿ.) 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 2011ರಲ್ಲಿ ಅದೇ ಸೋಲಿಗರಿಗೆ ಹುಲಿ ಇರೋ ಕಾಡಲ್ಲೇ ಸಮುದಾಯ ಹಕ್ಕು ಸಿಕ್ತು. ನಮ್ಮ ಹಾಡಿಗಳಲ್ಲಿ ಅರ್ಜಿ ಹಾಕಿ ಇನ್ನೂ ಕಾಯ್ತಾ ಇರೋವ್ರಿದ್ದಾರೆ.

ಕೊಡಗಿನ ಬೇರೆ ಮಕ್ಕಳಿಗೂ ಇದು ಅರ್ಥ ಆಗದ ವಿಷಯ ಏನಲ್ಲ. ನಮ್ಮಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ಇದೆ, ಊರಿನ ಜನರೇ ಉಳಿಸಿಕೊಂಡು ಬಂದ ಕಾಡು ಅದು, ಅಲ್ಲಿ ಮರ ಕಡೀಬಾರದು ಅಂತ ಪ್ರತಿ ಮನೇಲೂ ಅಜ್ಜಿ ಹೇಳಿರ್ತಾರೆ. ದೇವರಕಾಡಿಗೆ ಊರು ಇದ್ದ ಹಾಗೆ ನಾಗರಹೊಳೆಗೆ ಹಾಡಿ ಅಂದೆ, ಮಕ್ಕಳಿಗೆ ತಕ್ಷಣ ಹೊಳೀತು.

ಸ್ಕೂಲ್ ನಡೆಸೋವ್ರಿಗೆ, ಶಾಲಾ ಸಮಿತಿಯ (ಎಸ್‌ಡಿಎಂಸಿ) ಅವರಿಗೆ, ಟೀಚರ್ ಫ್ರೆಂಡ್ಸಿಗೆ ನಂದೊಂದೇ ರಿಕ್ವೆಸ್ಟ್. ಕ್ಯಾಂಪಿಗೆ ಬರೋ ಸಂಪನ್ಮೂಲ ವ್ಯಕ್ತಿಗಳಿಗೆ ಗೌರವಧನ ಕೊಡ್ತೀವಿ ಅಲ್ವಾ, ಹಾಡಿ ಹಿರಿಯರಿಗೂ ಕೊಡಿ. ನಮ್ಮ ಸ್ಕೂಲಿಗೆ ಬಂದಿದ್ದಕ್ಕೆ ತಾತಂದು ಒಂದು ದಿನದ ತೋಟದ ಕೂಲಿ ಹೋಯ್ತು, ಟೀಚರ್‌ಗಳೇ ಸೇರಿ ಕೊಟ್ವಿ, ಅವರು ಬೇಡ ಬೇಡ ಅಂತಾನೇ ಇಸ್ಕೊಂಡ್ರು. ಮುಂದಿನ ತಿಂಗಳು ಕಾವಾಡಿ ಚಿಕ್ಕಪ್ಪ ರಜೆ ಸಿಕ್ಕಿದ್ರೆ ಬರ್ತೀನಿ ಅಂದಿದ್ದಾರೆ. ದಾರದ ಉಂಡೆ ಮೊನ್ನೆನೇ ತಂದಿಟ್ಟಿದೀನಿ, ಅದನ್ನ ಅವಳೇ ಬೀರುವಲ್ಲಿಟ್ಟು ದಿನಾ ಇದೆಯಾ ಅಂತ ನೋಡ್ಕೊಂಡು ಹೋಗ್ತಾಳೆ.