ಪರಾಗ ಎಣಿಸುವ ಮೊದಲು ಗಿಡ ಗುರುತಿಸಿ

ಪುಣೆ, ಮುಂಬೈಯ ನಮ್ಮ ಕನ್ನಡ ಮನೆಗಳ ಮಕ್ಕಳು ಬಾಟನಿಯಲ್ಲಿ ಬಿಎಸ್‌ಸಿ ಮುಗಿಸಿ "ಪಳೆಯುಳಿಕೆ ಸಸ್ಯಗಳ ಮೇಲೆ ರಿಸರ್ಚ್ ಮಾಡ್ತೀನಿ" ಅಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಸಂಬಳದ್ದು. ಅದಕ್ಕೆ ಆಮೇಲೆ ಬರೋಣ. ಎರಡನೇ ಪ್ರಶ್ನೆ ಹೆಚ್ಚು ಚೆನ್ನಾಗಿದೆ: "ಇಲ್ಲೆಲ್ಲ ಲಾವಾ ಹರಿದ ಕರಿಕಲ್ಲು, ಅದರಲ್ಲಿ ಗಿಡ ಹೇಗೆ ಉಳಿದೀತು?"

ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದು ಪದರ ಹರಿದು ತಣ್ಣಗಾದ ಮೇಲೆ ಮುಂದಿನದು ಬರುವ ತನಕ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ಕೆರೆ ನಿಂತವು, ದಂಡೆಯಲ್ಲಿ ಗಿಡ ಬೆಳೆದವು, ಹೂವು ಕಾಯಿ ಉದುರಿ ಕೆಸರಿಗೆ ಸೇರಿದವು, ಮೇಲೆ ಮತ್ತೆ ಲಾವಾ ಬಂತು. ಈ ನಡುವಿನ ಪದರಗಳಿಗೆ ಇಂಟರ್‌ಟ್ರಾಪಿಯನ್ ಅನ್ನುತ್ತಾರೆ. ಮುಂಬೈಯ ವರಳಿ ಗುಡ್ಡದ ಇಂಥದೇ ಪದರದಲ್ಲಿ ಸಿಕ್ಕ ಪುಟ್ಟ ಕಪ್ಪೆಯನ್ನು 1847ರಲ್ಲೇ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವೆನ್ ವರ್ಣಿಸಿದ್ದರು. ಈಗ ಆ ಗುಡ್ಡದ ಮೇಲೆಲ್ಲ ಕಟ್ಟಡ. ಗಿಡಗಳ ಮಟ್ಟಿಗೆ ದೊಡ್ಡ ಹೆಸರು ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಮೋಹಗಾಂವ್ ಕಲಾನ್. ಅಲ್ಲಿ ನೀರಿನಲ್ಲಿ ಕರಗಿದ್ದ ಸಿಲಿಕಾ ಕಾಯಿ, ಹೂವು, ಕಾಂಡಗಳ ಒಳಗಿಳಿದು ಗಟ್ಟಿಯಾಗಿದೆ. ಜೀವಕೋಶದ ಗೋಡೆ ಕೂಡ ಎಣಿಸುವಷ್ಟು ಸ್ಪಷ್ಟ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಈ ವೃತ್ತಿಯಲ್ಲಿ ಉಳಿಯುವವರು ಕಲ್ಲು ಚೆನ್ನಾಗಿ ಹುಡುಕುವವರಲ್ಲ, ಬದುಕಿರುವ ಗಿಡಗಳನ್ನು ಚೆನ್ನಾಗಿ ಬಲ್ಲವರು. ಮೊದಲ ವರ್ಷವೇ ಸುತ್ತಿಗೆ ಹಿಡಿದು ಫೀಲ್ಡಿಗೆ ಹೊರಡುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೆ: ಪುಣೆಯ ಕೋರೆಗಾಂವ್ ರಸ್ತೆಯಲ್ಲಿ ಬೊಟಾನಿಕಲ್ ಸರ್ವೆ ಆಫ್ ಇಂಡಿಯಾದ ಹರ್ಬೇರಿಯಂ, ಅಂದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹ ಇದೆ, ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬ್ಲಾಟರ್ ಹರ್ಬೇರಿಯಂ ಇದೆ. ಮೊದಲು ಅಲ್ಲಿ ಹೋಗಿ ಕೂತುಕೊಳ್ಳಿ.

ಕಾರಣ ಇಲ್ಲಿದೆ. ಪಳೆಯುಳಿಕೆಯಲ್ಲಿ ಇಡೀ ಗಿಡ ಸಿಗುವುದು ಅಪರೂಪ. ಎಲೆ ಒಂದು ಕಡೆ, ಕಟ್ಟಿಗೆ ಇನ್ನೊಂದು ಕಡೆ, ಪರಾಗ ಮತ್ತೆಲ್ಲೋ. ಒಂದೊಂದಕ್ಕೂ ಬೇರೆ ಹೆಸರು. ಅಳಿದುಹೋದ ಒಂದೇ ಗಿಡದಲ್ಲಿ ಗ್ಲಾಸಾಪ್ಟೆರಿಸ್ ಅಂದರೆ ಎಲೆ, ಅದರ ಬೇರಿನ ಹೆಸರು ವರ್ಟಿಬ್ರೇರಿಯಾ. ಮೋಹಗಾಂವ್ ಕಲಾನ್‌ನಲ್ಲಿ ಸಿಕ್ಕ ಕಾಯಿಗೆ 1943ರಲ್ಲಿ ಪಳೆಯುಳಿಕೆ ಸಸ್ಯಗಳ ವಿಜ್ಞಾನಿ ಬೀರಬಲ್ ಸಾಹ್ನಿ ಎನಿಗ್ಮೋಕಾರ್ಪಾನ್ ಎಂದು ಹೆಸರಿಟ್ಟರು. ಮರುವರ್ಷ ವರ್ಣಿಸಿದ ಹೂವಿಗೆ ಸಾಹ್ನಿಯಾಂಥಸ್ ಎಂದು ಹೆಸರಾಯಿತು. ಎರಡೂ ಒಂದೇ ಗಿಡದವು, ದಾಳಿಂಬೆ ಗೋರಂಟಿಗಳ ಕುಟುಂಬದ್ದು ಎಂಬ ನಿಲುವಿಗೆ ಬರಲು ಅಂಡಾಶಯದ ರಚನೆಯನ್ನು ಇಂದಿನ ಗಿಡಗಳ ಜೊತೆ ಕೋಶಕೋಶವಾಗಿ ಹೋಲಿಸಬೇಕಾಯಿತು.

ಇಂಥ ಕಾಯಿಯನ್ನು ಗರಗಸದಲ್ಲಿ ಸೀಳುವುದು ಸುಲಭ, ಆದರೆ ಡೈಮಂಡ್ ಬ್ಲೇಡು ಪ್ರತಿ ಸೀಳಿಗೆ ಒಂದು ಮಿಲಿಮೀಟರಿಗೂ ಹೆಚ್ಚು ಕಲ್ಲು ತಿನ್ನುತ್ತದೆ. ಕಾಯಿಯ ಅಗಲವೇ ಒಂದು ಸೆಂಟಿಮೀಟರ್ ಇದ್ದರೆ ಏನು ಉಳಿದೀತು? ಅದಕ್ಕೇ ಪೀಲ್, ಅಂದರೆ ಕೋಶಗೋಡೆಗಳ ತೆಳು ಪದರವನ್ನು ಹಾಳೆಗೆ ಅಂಟಿಸಿ ಎತ್ತುವುದು. ಒಂದು ಮುಖ ಸೀಳಿ, 400 ಮತ್ತು 600 ನಂಬರಿನ ಕಾರ್ಬೊರಂಡಂ ಪುಡಿಯಲ್ಲಿ ಉಜ್ಜಿ, ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಸಿಲಿಕಾ ಕೂದಲೆಳೆಯಷ್ಟು ಕರಗಿ ಕೋಶಗೋಡೆಗಳು ಮೇಲೆದ್ದು ನಿಲ್ಲುತ್ತವೆ. ತೊಳೆದು, ಬೆರಳು ತಾಗಿಸದೆ ಒಣಗಿಸಿ, ಅಸಿಟೋನ್ ಸುರಿದು, ತಕ್ಷಣ ಸೆಲ್ಯುಲೋಸ್ ಅಸಿಟೇಟ್ ಹಾಳೆಯನ್ನು ಒಂದು ಅಂಚಿನಿಂದ ಹೊರಳಿಸುತ್ತ ಹಾಸಬೇಕು. ಅಸಿಟೋನ್ ಕಡಿಮೆಯಾದರೆ ಗುಳ್ಳೆ, ಪೂರ್ತಿ ಒಣಗುವ ಮೊದಲು ಎಳೆದರೆ ಹಾಳೆ ಸುಕ್ಕು. ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಎದ್ದು ನಿಂತ ಗೋಡೆಗಳೇ ಮಡಚಿ ಬೀಳುತ್ತವೆ, ಪೀಲ್ ನೋಡಲು ದಟ್ಟವಾಗಿದ್ದರೂ ಓದಲು ಬಾರದು.

ಕೆಸರು, ಕಲ್ಲಿನಲ್ಲಿ ಉಳಿದ ಪರಾಗವನ್ನು ಬೇರ್ಪಡಿಸಿ ಎಣಿಸಿ ಆ ಕಾಲದ ಕಾಡು, ಮಳೆ ಹೇಗಿತ್ತೆಂದು ಊಹಿಸುವುದು ಇನ್ನೊಂದು ಕೆಲಸ. ಅದರಲ್ಲಿ ಆಸಿಡ್ ಹಾಕುವ ಕ್ರಮವೇ ಮುಖ್ಯ. ಗೋವಾದ ಮಾಂಡವಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿರಲಿ, ಛಿಂದ್ವಾಡಾದ ಕಲ್ಲಿರಲಿ, ಮೊದಲು 10 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್. ನೊರೆ ಪೂರ್ತಿ ನಿಂತ ಮೇಲೆ ತೊಳೆದು, ಆಮೇಲೆ ಮಾತ್ರ 40 ಶೇಕಡಾ ಹೈಡ್ರೋಫ್ಲೋರಿಕ್. ಆತುರಪಟ್ಟು ತಿರುವುಮುರುವು ಮಾಡಿದರೆ ಸುಣ್ಣದ ಅಂಶ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬಿಳಿ ಹರಳುಗಟ್ಟುತ್ತದೆ, ನೀರಿಗೂ ಜಗ್ಗುವುದಿಲ್ಲ, ಪರಾಗವನ್ನೆಲ್ಲ ಮುಚ್ಚಿಬಿಡುತ್ತದೆ. ಪರಾಗದ ಹೊರಗೋಡೆ ಬಿಟ್ಟು ಉಳಿದದ್ದನ್ನು ಕರಗಿಸುವ ಅಸಿಟೋಲಿಸಿಸ್‌ಗೆ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಗಂಧಕಾಮ್ಲ. ಅದಕ್ಕೆ ಮೊದಲು ಗ್ಲೇಸಿಯಲ್ ಅಸಿಟಿಕ್ ಆಸಿಡ್‌ನಲ್ಲಿ ತೊಳೆದು ನೀರಿನ ಪಸೆ ತೆಗೆಯದಿದ್ದರೆ ಟ್ಯೂಬಿನಲ್ಲಿದ್ದದ್ದು ಮುಖಕ್ಕೆ ಸಿಡಿಯುತ್ತದೆ. ಇನ್ನೊಂದು ಮಾತು, ಗಿಡದ ಕೋಶಗಳಲ್ಲಿ ಕಟ್ಟುವ ಸೂಕ್ಷ್ಮ ಕಣ ಫೈಟೋಲಿತ್ ಕೂಡ ನೋಡಬೇಕಿದ್ದರೆ ಅದಕ್ಕೆ ಸ್ಯಾಂಪಲ್ ಮೊದಲೇ ಬೇರೆ ತೆಗೆದಿಡಿ. ಅದು ಸಿಲಿಕಾ, ಹೈಡ್ರೋಫ್ಲೋರಿಕ್‌ನಲ್ಲಿ ಮಣ್ಣಿನ ಜೊತೆಗೇ ಕರಗಿಹೋಗುತ್ತದೆ. ಭತ್ತವೋ ಕಾಡುಹುಲ್ಲೋ ಎಂಬ ಪ್ರಶ್ನೆಗೆ ಅದೇ ಬೇಕು, ಯಾಕೆಂದರೆ ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಿಮೆ ಒಂದೇ ಥರ: ದುಂಡಗೆ, ಒಂದೇ ರಂಧ್ರ, ಸುತ್ತ ಉಂಗುರ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೆಲಸ ಕೆಡುವುದು ಮೈಕ್ರೋಸ್ಕೋಪಿನ ಮುಂದೆ. ಒಂದು ಉದಾಹರಣೆ ಸಾಕು. ಮಹಾಬಳೇಶ್ವರದ ನಿತ್ಯಹಸಿರು ಕಾಡಿನಲ್ಲಿ ಮರಾಠಿಯವರು ಅಂಜನಿ ಅನ್ನುವ ಮೆಮೆಸಿಲಾನ್ ತುಂಬಿದೆ. ಕೆಳಗೆ ಎಲೆ ಉದುರುವ ಕಾಡಿನಲ್ಲಿ ಮತ್ತಿ ಮರ. ಕುಟುಂಬ ಬೇರೆ, ಕಾಡು ಬೇರೆ, ಬೇಕಾದ ಮಳೆಯ ಲೆಕ್ಕ ಬೇರೆ. ಆದರೆ ಪರಾಗ? ಎರಡರದ್ದೂ ಚಿಕ್ಕದು, ಎರಡರಲ್ಲೂ ಆರು ಸೀಳುಗಳು, ಅವುಗಳಲ್ಲಿ ಮೂರು ನಿಜದವು, ಮೂರು ಸುಳ್ಳು. ಪ್ರಾಮಾಣಿಕವಾಗಿ ಎಣಿಸುವವರು ಎರಡು ಕುಟುಂಬಗಳನ್ನೂ ಒಂದೇ ಶೀರ್ಷಿಕೆಯಡಿ ಬರೆಯುತ್ತಾರೆ. ಧೈರ್ಯ ಮಾಡಿ "ಅಂಜನಿ" ಎಂದು ಬರೆದವನ ಗ್ರಾಫಿನಲ್ಲಿ ಮಳೆ ಏರುತ್ತದೆ, "ಮತ್ತಿ" ಎಂದವನದ್ದರಲ್ಲಿ ಇಳಿಯುತ್ತದೆ. ಕೆಸರು ಒಂದೇ. ಹವಾಮಾನದ ಬಗ್ಗೆ ಗಟ್ಟಿಯಾಗಿ ಮಾತಾಡುವ ಪ್ರಬಂಧ ಸಿಕ್ಕರೆ ನಾನು ಮೊದಲು ನೋಡುವುದು ಪರಾಗದ ಫೋಟೋಗಳ ಪುಟವನ್ನು, ತೀರ್ಮಾನವನ್ನಲ್ಲ.

ದಾಲ್ಚಿನ್ನಿ ಕುಟುಂಬದ್ದು ಇನ್ನೊಂದು ಕಷ್ಟ. ಘಟ್ಟದಲ್ಲಿ ಆ ಮರಗಳು ಬೇಕಾದಷ್ಟಿವೆ, ಆದರೆ ಪರಾಗದ ಹೊರಗೋಡೆ ತೀರಾ ತೆಳು, ಕೆಸರಿನಲ್ಲಿ ಉಳಿಯುವುದೇ ಇಲ್ಲ. ಎಣಿಕೆಯಲ್ಲಿ ಸೊನ್ನೆ ಬಂತೆಂದು ಕಾಡಿನಲ್ಲೂ ಇರಲಿಲ್ಲ ಅನ್ನುವ ಹಾಗಿಲ್ಲ.

ಹಾಗಾಗಿ ಹೋಲಿಕೆಗೆಂದು ಬದುಕಿರುವ ಗಿಡಗಳ ಪರಾಗದ ಸ್ವಂತ ರೆಫರೆನ್ಸ್ ಸ್ಲೈಡ್ ಕಟ್ಟಿಕೊಳ್ಳುವುದೇ ಮೊದಲ ಬಂಡವಾಳ. ಅರಳುವ ಹೊಸ್ತಿಲಲ್ಲಿರುವ ಮೊಗ್ಗಿನ ಪರಾಗಕೋಶ ತೆಗೆದು, ಗ್ಲೇಸಿಯಲ್ ಅಸಿಟಿಕ್ ಆಸಿಡ್‌ನಲ್ಲಿ ಇಟ್ಟು, ಪಳೆಯುಳಿಕೆಗೆ ಮಾಡುವ ಅಸಿಟೋಲಿಸಿಸ್ಸನ್ನೇ ಅದಕ್ಕೂ ಮಾಡಿ. ಸ್ಲೈಡಿನ ಮೇಲೆ ಹರ್ಬೇರಿಯಂ ಹಾಳೆಯ ನಂಬರು ಇಲ್ಲದಿದ್ದರೆ ಅದು ಕಸ. ಸ್ಲೈಡಿನಲ್ಲಿ ಪರಾಗ ಕೂರಿಸುವ ಗ್ಲಿಸರಿನ್ ಜೆಲ್ಲಿಯಲ್ಲಿ ಅದು ವರ್ಷ ಕಳೆದಂತೆ ಊದಿಕೊಳ್ಳುತ್ತದೆ. ಹಳೆಯ ಜೆಲ್ಲಿ ಸ್ಲೈಡಿನ ಅಳತೆಯನ್ನು ಸಿಲಿಕೋನ್ ಎಣ್ಣೆಯಲ್ಲಿಟ್ಟ ಸ್ಯಾಂಪಲ್ ಜೊತೆ ಹೋಲಿಸಿ "ಹೊಸ ಪ್ರಭೇದ" ಕಂಡುಹಿಡಿಯಬೇಡಿ.

ಈಗ ಸಂಬಳ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000, ಎಸ್‌ಆರ್‌ಎಫ್ (ಸೀನಿಯರ್ ಫೆಲೋಶಿಪ್) ಆದಾಗ 42,000, ಮನೆ ಬಾಡಿಗೆ ಭತ್ಯೆ ಬೇರೆ. ದುಡ್ಡು ತಡವಾಗಿ ಬರುವುದೂ ಉಂಟು, ಕೈಯಲ್ಲಿ ಮೂರು ನಾಲ್ಕು ತಿಂಗಳ ಖರ್ಚು ಇಟ್ಟುಕೊಂಡಿರಿ. ಬಾಟನಿಯವರು ಸಾಮಾನ್ಯವಾಗಿ ಲೈಫ್ ಸೈನ್ಸಸ್ ಪೇಪರ್ ಬರೆಯುತ್ತಾರೆ. ಅದರಲ್ಲಿ ಪಳೆಯುಳಿಕೆಯದ್ದು ಬೆರಳೆಣಿಕೆ, ಕೋಶಜೀವಶಾಸ್ತ್ರವೇ ಹೆಚ್ಚು. ಜಿಯಾಲಜಿಯವರಿಗೆ ಅರ್ತ್ ಸೈನ್ಸಸ್ ಇದೆ. ಪುಣೆಯಲ್ಲಿ ಆಘಾರ್ಕರ್ ಸಂಸ್ಥೆ, ಪುರಾತತ್ವದ ಕಾಳುಬೀಜಗಳಿಗೆ ಡೆಕ್ಕನ್ ಕಾಲೇಜು, ಗೋವಾದ ದೋನಾಪಾವ್ಲಾದಲ್ಲಿ ಸಮುದ್ರವಿಜ್ಞಾನ ಸಂಸ್ಥೆ. ಈ ವಿಷಯಕ್ಕೇ ಮೀಸಲಾದದ್ದು ಮಾತ್ರ ಸಾಹ್ನಿ 1946ರಲ್ಲಿ ಶುರು ಮಾಡಿದ, ಈಗ ಅವರ ಹೆಸರಲ್ಲೇ ಇರುವ ಲಖನೌ ಸಂಸ್ಥೆ. ಕಾಯಂ ಹುದ್ದೆಗಳು ಕಡಿಮೆ. ಅದನ್ನು ಮುಚ್ಚಿಟ್ಟು ಮಕ್ಕಳನ್ನು ಸೇರಿಸಿಕೊಳ್ಳುವ ಗೈಡ್‌ಗಳ ಮೇಲೆ ನನಗೆ ಸಿಟ್ಟಿದೆ.

ಗೈಡ್ ಒಪ್ಪಿದರು ಅಂತ ಹಿಗ್ಗುವ ಮೊದಲು ಅವರ ಲ್ಯಾಬ್ ಒಂದು ಸುತ್ತು ನೋಡಿ ಬನ್ನಿ. ಆಸಿಡ್ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಬಾಯಿಗೆ ಟಿಶ್ಯೂ ಪೇಪರ್ ಹಿಡಿದರೆ ಒಳಗೆ ಎಳೆಯುತ್ತದೆಯೇ? ಹೈಡ್ರೋಫ್ಲೋರಿಕ್‌ಗೆ ಪ್ಲಾಸ್ಟಿಕ್ ಬೀಕರ್ ಇದೆಯೇ? ಗಾಜನ್ನು ಅದು ತಿನ್ನುತ್ತದೆ. ಅದು ಮೈಗೆ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಎಲ್ಲಿದೆ ಎಂದು ಅಲ್ಲಿಯ ಹಳೆಯ ವಿದ್ಯಾರ್ಥಿಯನ್ನೇ ಕೇಳಿ, ಟ್ಯೂಬಿನ ಮೇಲಿನ ಎಕ್ಸ್‌ಪೈರಿ ತಾರೀಖನ್ನೂ ಓದಿ. ಈ ಆಸಿಡ್ ತಾಗಿದರೆ ಕೆಲವೊಮ್ಮೆ ಗಂಟೆಗಟ್ಟಲೆ ನೋವೇ ಇರುವುದಿಲ್ಲ, ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದಿರುತ್ತದೆ. ಜೆಲ್ ಅಂದರೆ ಏನು ಎಂದು ಅವರೇ ತಿರುಗಿ ಕೇಳಿದರೆ, ಬೇರೆ ಗೈಡ್ ಹುಡುಕಿ.